ಗಿರಣಿಯ ಹಿಂದೆ ಒಂದು ಪೀಪಾಯಿ ಸಮುದ್ರ

ಆಗ ನನಗೆ ಅರವತ್ತೆಂಟು ವರ್ಷ. ನಾಲ್ಕು ವರ್ಷದ ಹಿಂದಿನ ಮಾತು. ಪುಣೆಯಲ್ಲಿ ಎಲ್ಲ ಸಿಗುತ್ತದೆ, ಸಮುದ್ರ ಒಂದು ಮಾತ್ರ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ವರ್ಷ ನಮ್ಮ ಬಡಾವಣೆ ಬಿಬವೇವಾಡಿಯಲ್ಲಿ ಸಮುದ್ರ ಇತ್ತು. ನನ್ನ ಹಿಟ್ಟಿನ ಗಿರಣಿಯ ಹಿಂದೆ, ನೀಲಿ ಪ್ಲಾಸ್ಟಿಕ್ ಪೀಪಾಯಿಯೊಳಗೆ, ಮುಚ್ಚಳ ಹಾಕಿ ಇಟ್ಟಿದ್ದರು. ಇಟ್ಟವರು ನಮ್ಮ ಬೀಗರು.

ಬೀಗರು ಎಂದರೆ ನನ್ನ ಮಗಳ ಮಾವ. ಹೆಸರು ಹೇಳುವುದಿಲ್ಲ. ಬೀಗರನ್ನು ಹೆಸರು ಹಿಡಿದು ಕರೆಯುವ ಪದ್ಧತಿ ನಮ್ಮಲ್ಲಿಲ್ಲ, ಆಡಿಕೊಳ್ಳುವ ಪದ್ಧತಿ ಮಾತ್ರ ಇದೆ. ಮದುವೆಯಲ್ಲಿ ಬೀಗರನ್ನು ಎದುರಿಗೇ ಕೂರಿಸಿಕೊಂಡು ಅವರ ಮೂಗು, ಹೊಟ್ಟೆ, ಜಿಪುಣತನ ಎಲ್ಲದರ ಮೇಲೂ ಹಾಡು ಹೇಳುತ್ತೇವೆ. ಅವರು ನಗುತ್ತ ಎಲೆಅಡಿಕೆ ಹಾಕಿಕೊಂಡು ಕೇಳಬೇಕು. ಹಾಗಾಗಿ ಇಲ್ಲಿ ಬರೆಯುವುದಕ್ಕೆ ಯಾರೂ ಸಿಟ್ಟಾಗುವ ಹಾಗಿಲ್ಲ. ನನ್ನದು ಎರಡನೇ ಇಯತ್ತೆಯ ಓದು. ಹಾಡು ಕಟ್ಟಲು ಬಾರದು. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ಅವರದು ದೋಣಿ ನಡೆಸುವ ಮನೆತನ. ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೆ ಊರು. ಜನ, ಹಾಲಿನ ಕ್ಯಾನು, ಆಡು, ಒಮ್ಮೊಮ್ಮೆ ಬಾಸಿಂಗ ಕಟ್ಟಿಕೊಂಡ ಮದುಮಗ, ಎಲ್ಲವನ್ನೂ ಐವತ್ತು ವರ್ಷ ಹುಟ್ಟು ಹಾಕಿ ಆಚೆ ದಂಡೆಗೆ ದಾಟಿಸಿದವರು. ಅಣೆಕಟ್ಟು ಬಂದ ಮೇಲೆ ಹೊಳೆ ಅಗಲವಾಯಿತು, ಬೀಗರ ಭುಜ ಸವೆಯಿತು. ಬಲಗೈ ಹೆಗಲಿನ ಮಟ್ಟಕ್ಕೂ ಏಳದು. ಊರ ಪಂಚರು ಕರೆದು ಹೇಳಿದರಂತೆ, ದಸರೆಯ ನಂತರದ ಶೀಗಿ ಹುಣ್ಣಿಮೆಯೊಳಗೆ ದೋಣಿಗೆ ಎಂಜಿನ್ ಕೂರಿಸಿದರೆ ಸರಿ, ಇಲ್ಲವಾದರೆ ದೋಣಿಯ ಪಾಳಿ ಆಚೆ ಊರಿನ ಲಾಂಚಿನವನಿಗೆ.

ಇದನ್ನು ಕೇಳಿ ನನಗೆ ಸಂಕಟವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಸಂತೋಷವಾಯಿತು. ಅಳಿಯ ತೀರಿಕೊಂಡು ಆಗ ಮೂರು ವರ್ಷ. ನನಗೆ ಒಬ್ಬಳೇ ಮಗಳು. ಎತ್ತರ, ಮೈಕಟ್ಟು, ಅಂಗೈ, ಸಿಟ್ಟು ಎಲ್ಲ ನನ್ನದೇ ಅಚ್ಚು. ಬಂದು ಗಿರಣಿ ನೋಡಿಕೋ ಎಂದರೆ, "ದೋಣಿ ಇರೋತನಕ ಮಾವಾರನ್ನ ಬಿಟ್ಟು ಹೆಂಗ ಬರಲವ್ವ" ಎಂದು ಫೋನಿನಲ್ಲಿ ಒಂದೇ ರಾಗ. ಸರಿ, ದೋಣಿ ಹೋಗಲಿ. ಆಗ ಬಂದೇ ಬರುತ್ತಾಳೆ. ಆ ಮುದುಕನಿಗೆ ರೊಟ್ಟಿ ಬಡಿಯುತ್ತ ಹೊಳೆ ದಂಡೆಯಲ್ಲಿ ಕೂರಲು ನಾನು ಅವಳನ್ನು ಹೆತ್ತಿದ್ದೇನೆಯೇ?

ಇಷ್ಟು ನನ್ನ ಮನಸ್ಸಿನಲ್ಲಿತ್ತು. ಶ್ರಾವಣದ ಮೊದಲ ವಾರ ಬೀಗರು ಎಂಜಿನ್ ಆರಿಸಲು ಪುಣೆಗೆ ಬಂದು, ಇಳಿದದ್ದು ನನ್ನ ಮನೆಯಲ್ಲೇ. ಬೀಗರನ್ನು ಬೇಡ ಎನ್ನಲಾಗುತ್ತದೆಯೇ? ಗೋದಿ ಹುಗ್ಗಿ ಮಾಡಿ ಬಡಿಸಿದೆ.

ಮೊದಲು ಹೊಸ ಎಂಜಿನ್ ನೋಡೋಣ ಎಂದು ಗಾಜಿನ ಬಾಗಿಲಿನ ಒಂದು ಅಂಗಡಿಗೆ ಹೋದೆವು. ನನ್ನನ್ನು ಕರೆದುಕೊಂಡು ಹೋದದ್ದು ಮರಾಠಿ ಮಾತಾಡಲು. ಟೈ ಕಟ್ಟಿದವನು ಒಂದು ಬಟನ್ ಒತ್ತಿದ. ಎಂಜಿನ್ ಹಾಲು ಕುಡಿದ ಬೆಕ್ಕಿನ ಹಾಗೆ ಗುರುಗುಟ್ಟಿತು. ಇದೇ ಇರಲಿ ಎಂದೆ ನಾನು.

"ಬ್ಯಾಟರಿ ಸತ್ತರ?" ಬೀಗರು ಕೇಳಿದರು.

ಮರಾಠಿಗೆ ತಿರುಗಿಸಿದೆ. ಚಾರ್ಜ್ ಮಾಡಬೇಕು ಅಂದ ಅವನು.

"ನಡು ಹೊಳ್ಯಾಗ ಸತ್ತರ?"

ಅವನು ರಿಪೇರಿಯವರ ಫೋನ್ ನಂಬರಿನ ಚೀಟಿ ಕೊಟ್ಟ. ಬೀಗರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ನನಗೆ ಹೇಳಿದರು, "ಇವರಿಗೆ ಈಸಾಕ ಬರತದೇನ ಕೇಳ್ರಿ." ನಾನು ಕೇಳಲಿಲ್ಲ. ಇದ್ದ ಮರ್ಯಾದೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೊರಗೆ ಬಂದೆ.

ಎರಡನೆಯದು ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ, ತೋಟದ ಪಂಪಿನ ಎಂಜಿನ್. ಗಟ್ಟಿಮುಟ್ಟು. ಬೀಗರು ಸುತ್ತ ಮೂರು ಪ್ರದಕ್ಷಿಣೆ ಹಾಕಿ ಹೇಳಿದರು, "ಇದು ನೆಲದ ಎಂಜಿನ್. ನೆಟ್ಟಗ ನಿಂತ ರೂಢಿ ಇದಕ್ಕ. ದೋಣ್ಯಾಗ ಎಂಜಿನ್ ಹಿಂದಕ್ಕ ವಾಲಿ ಕೂಡತದ. ವಾಲಿದ್ರ ಒಳಗಿನ ಎಣ್ಣಿ ಒಂದ ಮೂಲಿಗೆ ಹೋಗತದ, ಇನ್ನೊಂದು ಕಡೆ ಒಣಗತದ."

ಮಾತೇನೋ ಸರಿ. ಆದರೆ ಹೇಳಿ ಸುಮ್ಮನಾಗಬೇಕಲ್ಲ? ಮುಂದಿನ ಕಾಲುಗಳ ಕೆಳಗೆ ಎರಡೆರಡು ಇಟ್ಟಿಗೆ ಇಡಿಸಿ, ವಾಲಿಸಿ ಚಾಲು ಮಾಡಿಸಿದರು. ಕಾಲು ಗಂಟೆ ಅದು ಕೆಮ್ಮುತ್ತ ಓಡಿತು. ಆಮೇಲೆ ಇಟ್ಟಿಗೆಯಿಂದ ಇಳಿದು ತಾನೇ ನಡೆದುಕೊಂಡು ಹೋಗಿ ಅಂಗಡಿಯವನ ಊಟದ ಡಬ್ಬಿಯ ಮೇಲೆ ನಿಂತಿತು. "ನೋಡ್ರಿ, ನಾ ಹೇಳಿದ್ನಿಲ್ಲ?" ಎಂದು ಬೀಗರು ಗೆದ್ದವರ ಹಾಗೆ ನನ್ನ ಕಡೆ ನೋಡಿದರು. ಜೋಳ ತರಲು ನಾನು ಈಗಲೂ ಆ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತೇನೆ.

ಹಡಪಸರದ ಗುಜರಿಗೆ ಕೊಂಕಣದ ಒಡೆದ ದೋಣಿಗಳ ಎಂಜಿನ್ ಲಾರಿಯಲ್ಲಿ ಬರುತ್ತವೆ ಎಂದು ಯಾರೋ ಹೇಳಿದರು. ಅಲ್ಲಿಗೆ ಎಂಟು ಸಲ ಹೋದೆವು. ಇನ್ನು ಅಲ್ಲಿ ಬೀಗರ ಪರೀಕ್ಷೆ ಕೇಳಬೇಕು. ಎಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವುದು. ಎಣ್ಣೆ ತೆಗೆದು ಎರಡು ಬೆರಳಿನ ನಡುವೆ ಉಜ್ಜಿ, ಮೂಸುವುದು. ಹೊಗೆಯ ಬಣ್ಣ ನೋಡುವುದು. ಇದೆಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಬೀಗತ್ಯಾರ, ಒಂದ ಸಲ ಹ್ಯಾಂಡಲ್ ತಿರುವ್ರಿ."

"ನಾ ಯಾಕ?"

"ನನ್ನ ಭುಜ ಏಳೂದಿಲ್ಲಲ್ಲರಿ."

ತಿರುವಲು ನನಗೇನೂ ಹೊಸದಲ್ಲ. ಈಗ ಕರೆಂಟಿನ ಮೋಟಾರು ಇದೆಯಷ್ಟೆ, ನನ್ನ ಗಿರಣಿಯೂ ಮೊದಲು ಡೀಸೆಲ್ ಎಂಜಿನ್ನಿನದೇ. ಹದಿನೆಂಟು ವರ್ಷ ದಿನಾ ಬೆಳಿಗ್ಗೆ ಅದನ್ನು ಎಬ್ಬಿಸಿದವಳು ನಾನು. ಮೊದಲ ವಾರವೇ ಹ್ಯಾಂಡಲ್ ಹಿಂದಕ್ಕೆ ಒದ್ದು ಬಲಗೈ ಹೆಬ್ಬೆರಳು ಮುರಿಯಿತು. ಅದು ಇವತ್ತಿಗೂ ಸೊಟ್ಟ. ಆದರೆ ಬೀಗತಿಯನ್ನು ಗುಜರಿಯ ನಡುವೆ ನಿಲ್ಲಿಸಿ, ಹತ್ತು ಜನರೆದುರು, ಒಂದಾದ ಮೇಲೊಂದು ಎಂಜಿನ್ ತಿರುವಿಸುವ ಬೀಗರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ತಿರುವಿದ ಮೇಲಾದರೂ ಒಪ್ಪಬೇಕಲ್ಲ. ಒಂದು ಎಂಜಿನ್ನಿಗೆ, "ನಿಮ್ಮ ಮೊಣಕೈ ಭಾಳ ಮ್ಯಾಲ ಹೋತು, ಬ್ಯಾಡ." ಇನ್ನೊಂದಕ್ಕೆ, "ನಿಮ್ಮ ಸೊಂಟ ಬಗ್ಗಿತು, ಬ್ಯಾಡ." ನನ್ನ ಸೊಂಟಕ್ಕೂ ಇವರ ದೋಣಿಗೂ ಏನು ಸಂಬಂಧ ಎಂದು ಕೇಳಿದರೆ, "ಅದ, ಇರಲಿ" ಅಂದರು.

ಎಂಟನೆಯ ಸಲ ಒಂದು ಸಿಕ್ಕಿತು. ಒಂದೇ ಸಿಲಿಂಡರಿನ ಸಣ್ಣ ಎಂಜಿನ್. ಮೈ ತುಂಬ ಉಪ್ಪಿನ ಬೂದಿ, ಬುಡದಲ್ಲಿ ಸಮುದ್ರದ ಚಿಪ್ಪು ಅಂಟಿಕೊಂಡಿತ್ತು. ನಾನು ತಿರುವಿದೆ. ಮೊಣಕೈ ಮೇಲೆ ಹೋಗಲಿಲ್ಲ, ಸೊಂಟ ಬಗ್ಗಲಿಲ್ಲ. ಬೀಗರು ಎಂಜಿನ್ನಿಗೆ ಅಲ್ಲೇ ನಿಂತು ಕೈ ಮುಗಿದರು. ತಿರುವಿದವಳು ನಾನು, ನಮಸ್ಕಾರ ಅದಕ್ಕೆ.

ನನ್ನ ಹಳೆಯ ಎಂಜಿನ್ ಕೂತಿದ್ದ ಸಿಮೆಂಟಿನ ಕಟ್ಟೆ ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಖಾಲಿ ಇತ್ತು. ಅದರ ಮೇಲೆ ಇದನ್ನು ಕೂರಿಸಿದರು, ದೋಣಿಯಲ್ಲಿ ಕೂರುವ ಹಾಗೆಯೇ ಹಿಂದಕ್ಕೆ ವಾಲಿಸಿ. ಈ ಜಾತಿಯ ಎಂಜಿನ್ ಹೊರಗಿನ ನೀರನ್ನು ಪೈಪಿನಿಂದ ಎಳೆದುಕೊಂಡು, ಮೈ ತಂಪು ಮಾಡಿಕೊಂಡು, ಆಚೆ ಉಗುಳುತ್ತದೆ. ಬಿಬವೇವಾಡಿಯಲ್ಲಿ ಹೊಳೆ ಎಲ್ಲಿದೆ? ನನ್ನ ನೀಲಿ ಪೀಪಾಯಿ ಹೋಯಿತು. ದಿನಾ ಮಧ್ಯಾಹ್ನ ಗಿರಣಿ ನಿಂತಾಗ ನಾನು ತಿರುವಬೇಕು, ವೇಗ ಬಂದ ಕೂಡಲೇ ಅವರು ಎಂಜಿನ್ನಿನ ನೆತ್ತಿಯ ಲಿವರ್ ಇಳಿಸಿ ಅರ್ಧ ಗಂಟೆ ಓಡಿಸಬೇಕು. ವೇಗ ಬರುವ ಮೊದಲೇ ಲಿವರ್ ಇಳಿದರೆ ಅದು ಹಿಂದಕ್ಕೆ ಒದೆಯುತ್ತದೆ. ದಿನಾ ಓಡಿಸದಿದ್ದರೆ ಒಳಗೆ ತುಕ್ಕು ಹಿಡಿದು ಕಚ್ಚಿಕೊಂಡು ಬಿಡುತ್ತದಂತೆ.

ಎಂಟು ದಿನ ಕಳೆದಿರಬೇಕು. ಕಲ್ಲುಪ್ಪಿನ ಡಬ್ಬಿ ತೆಗೆದರೆ ತಳ ಕಾಣುತ್ತಿದೆ.

"ಬೀಗರ, ಉಪ್ಪು ಏನಾತು?"

"ಪೀಪಾಯಿಗೆ ಹಾಕೇನ್ರಿ."

"ಯಾಕ, ಎಂಜಿನ್ನಿಂದು ಉಪ್ಪಿನಕಾಯಿ ಹಾಕವರೇನು?"

ಬೀಗರು ಪಾಠ ಹೇಳುವ ಮಾಸ್ತರನ ಹಾಗೆ ಕುಳಿತರು. "ಇದು ಹುಟ್ಟಿದಾಗಿಂದ ಸಮುದ್ರದ ನೀರ ಕುಡದದ. ಒಮ್ಮಿಗಲೇ ಸಿಹಿನೀರ ಕೊಟ್ಟರ ತಡಕೊಳ್ಳತದೇನ್ರಿ? ನಾ ಪುಣೆಕ್ಕ ಬಂದ ಮೊದಲನೇ ವಾರ ನಿಮ್ಮ ನಳದ ನೀರ ಕುಡದು ಏನಾತು? ನೀವ ನೋಡೀರಿ."

"ನಾ ಒಬ್ಬಾಕೀನ? ಓಣಿ ಮಂದಿ ಎಲ್ಲಾ ನೋಡ್ಯಾರ."

"ಮತ್ತ? ಮನಶ್ಯಾಗ ನೀರ ಬದಲಾದ್ರ ಹಂಗ ಆಗತದ. ಅದಕ್ಕ ದಿನಾ ಒಂದೊಂದು ಹಿಡಿ ಕಡಿಮಿ ಮಾಡಕೋತ ಬರತೇನಿ. ಹುಣ್ಣಿಮಿ ಹೊತ್ತಿಗೆ ಕೃಷ್ಣಾ ನೀರ ಒಗ್ಗತದ."

ಕೂಸಿಗೆ ಎದೆಹಾಲು ಬಿಡಿಸುವ ತಾಯಿ ಕೂಡ ಇಷ್ಟು ನಯವಾಗಿ ಬಿಡಿಸುವುದಿಲ್ಲ. ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಬೇಕಾದರೆ ನನ್ನ ಹಂಚು ನೋಡಿ ಎಂದೆ. "ಹಂಚು ಅಡಿಗಿಮನಿಯಾಗ ಹುಟ್ಟಿದ್ದು, ಇದು ಸಮುದ್ರದಾಗ" ಎಂದರು. ಅಲ್ಲಿಗೆ ಮುಗಿಯಿತು. ನಾನೂ ಹೆಚ್ಚು ಹೇಳಲಿಲ್ಲ. ಎಂಜಿನ್ ಕೆಟ್ಟರೆ ನನಗೇನು ನಷ್ಟ?

ಉಪ್ಪು ಹೋದರೆ ಹೋಗಲಿ, ಬೀಗರು ನನ್ನ ಗಿರಾಕಿಗಳನ್ನೂ ಓಡಿಸಲು ನಿಂತರು. ದಿನಾ ಬೆಳಿಗ್ಗೆ ಒಂದು ಬಾಟಲಿ ಡೀಸೆಲ್ ತೆಗೆದು, ತಳದಲ್ಲಿ ನೀರು ನಿಲ್ಲುತ್ತದೆಯೋ ಎಂದು ಬಿಸಿಲಿಗೆ ಹಿಡಿದು ನೋಡುವುದು, ಬಟ್ಟೆಯಲ್ಲಿ ಸೋಸುವುದು. ಆಮೇಲೆ ಸುಮ್ಮನೆ ಕೂರಬಾರದೆಂದು ಅದೇ ಕೈಯಲ್ಲಿ ಬಂದು ಗಿರಾಕಿಗಳ ಜೋಳವನ್ನು ಗಿರಣಿಗೆ ಸುರಿಯುವುದು. ಮೂರನೆಯ ದಿನ ಎದುರು ಬಿಲ್ಡಿಂಗಿನ ಹೆಂಗಸು ಹಿಟ್ಟಿನ ಡಬ್ಬಿ ವಾಪಸ್ ತಂದಿಟ್ಟಳು. "ಮಾವಶಿ, ಭಾಕ್ರೀಲಾ ಡಿಝೆಲ್‌ಚಾ ವಾಸ ಯೇತೋಯ್." ರೊಟ್ಟಿ ಡೀಸೆಲ್ ನಾರುತ್ತಿದೆಯಂತೆ. ಬೀಗರು ಹಿಟ್ಟು ಮೂಸಿ ನೋಡಿ, "ಚಲೋ ಡೀಸೆಲ್ ಅದ, ಕಲಬೆರಕಿ ಇಲ್ಲ ಅಂತ ಹೇಳ್ರಿ" ಅಂದರು.

ಗಣಪತಿ ಹಬ್ಬ ಕಳೆದ ಮೇಲೆ ಒಂದು ದಿನ ಎಂಜಿನ್ ನೀರು ಉಗುಳುವುದನ್ನು ನಿಲ್ಲಿಸಿತು. ಕೈ ಇಟ್ಟರೆ ಸುಡುತ್ತದೆ. ಬಿಚ್ಚಿದರೆ ಪೈಪಿನ ತುಂಬ ಬಿಳಿ ಹಕ್ಕಳೆ, ಕಡ್ಡಿ ತೂರದಷ್ಟು. ಬೀಗರ ಮುಖ ಹಿಟ್ಟಿಗಿಂತ ಬೆಳ್ಳಗಾಯಿತು. ನಾನು ಒಳಗೊಳಗೆ ಮಗಳಿಗೆ ಹಾಸಿಗೆ ಎಲ್ಲಿ ಹಾಸಬೇಕೆಂದು ಲೆಕ್ಕ ಹಾ​ಕುತ್ತಿದ್ದೆ. ಆದರೆ ಆ ಮನುಷ್ಯ ಎರಡು ದಿನ ಶೆಡ್ಡಿನಲ್ಲೇ ಕೂತು, ನನ್ನ ಹುಣಸೆಹಣ್ಣು ಅಷ್ಟನ್ನೂ ನೆನೆಹಾಕಿ, ಹುಳಿನೀರು ಕಾಯಿಸಿ ಪೈಪಿಗೆ ಹೊಯ್ದು, ಕಡ್ಡಿ ಹಾಕಿ ಕೆರೆದು, ಮತ್ತೆ ಹೊಯ್ದು, ಹಕ್ಕಳೆ ಬಿಡಿಸಿದರು. ಎಂಜಿನ್ ಬದುಕಿತು.

"ಉಪ್ಪಾತು, ಹುಳಿ ಆತು," ಅಂದೆ. "ಖಾರ ಎಂದ ಹಾಕತೀರಿ?"

ಅವರು ನಗಲಿಲ್ಲ. ಪೀಪಾಯಿ ತೊಳೆದು ಸಿಹಿನೀರು ತುಂಬಿದರು.

ಇನ್ನು ಹ್ಯಾಂಡಲ್ಲಿನ ಕತೆ. ಮೂರು ಸಲ ವೆಲ್ಡಿಂಗಿನವನ ಹತ್ತಿರ ಹೊತ್ತುಕೊಂಡು ಹೋಗಿ ಅದರ ತೋಳನ್ನು ಒಮ್ಮೆ ಉದ್ದ, ಒಮ್ಮೆ ಗಿಡ್ಡ ಮಾಡಿಸಿದರು. ಶೆಡ್ಡಿನ ಗೋಡೆಯ ಮೇಲೆ ನನ್ನ ಹೆಗಲಿನ ಎತ್ತರಕ್ಕೆ ಇದ್ದಲಿನಿಂದ ಗೆರೆ ಎಳೆದರು. ಹಿಡಿಕೆಯನ್ನು ಅರದಿಂದ ಉಜ್ಜಿ ಉಜ್ಜಿ ಲಟ್ಟಣಿಗೆಯಷ್ಟು ಸಣ್ಣ ಮಾಡಿದರು. ಚಪಾತಿ ಮಾಡುವ ವಿಚಾರವೇನಾದರೂ ಇದೆಯೇ ಎಂದೆ. ಗಿರಣಿಯಿಂದ ಹಾಗೇ ಬಂದು ತಿರುವುತ್ತಿದ್ದೆನಲ್ಲ, ಹಿಡಿಕೆಯ ಮೇಲೆ ನನ್ನ ಬೆರಳಿನ ಹಿಟ್ಟಿನ ಗುರುತು ಬೀಳುತ್ತಿತ್ತು. ಬೀಗರು ಕನ್ನಡಕ ಹಾಕಿಕೊಂಡು ಅದನ್ನು ನೋಡುತ್ತ, ಗುರುತು ಬಿದ್ದಲ್ಲಿ ಸರಿಯಾಗಿ ತೆಳ್ಳನೆಯ ಹಗ್ಗ ಸುತ್ತಲು ಕುಳಿತರು.

"ಬೀಗತ್ಯಾರ, ನಾಕ ಬೆರಳಿನ ಗುರತ ಅವ. ಹೆಬ್ಬಟ್ಟಿಂದ ಎಲ್ಲಿ?"

"ನಾ ಓದಿದಾಕಿ ಅಲ್ಲರಿ. ನನ್ನ ಹೆಬ್ಬಟ್ಟು ಬ್ಯಾಂಕಿಗೆ ಮೀಸಲು."

ನಗೆಚಾಟಿಕೆ ಚೆನ್ನಾಗಿತ್ತು ಎಂದು ನನಗೇ ಅನಿಸಿತು. ನಿಜ ಏನೆಂದರೆ, ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನು ಸುತ್ತಬಾರದು. ಉಳಿದ ನಾಲ್ಕು ಬೆರಳಿನ ಪಕ್ಕಕ್ಕೇ ಇಟ್ಟುಕೊಳ್ಳಬೇಕು. ಆಗ ಎಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗುತ್ತದೆ. ಸುತ್ತಿ ಹಿಡಿದರೆ ಹೆಬ್ಬೆರಳನ್ನು ತೆಗೆದುಕೊಂಡು ಹೋಗುತ್ತದೆ. ಹುಟ್ಟು ಹಿಡಿಯುವವರು ಐದೂ ಬೆರಳು ಸುತ್ತಿ ಬಿಗಿಯಾಗಿ ಹಿಡಿಯುತ್ತಾರೆ, ಅವರಿಗೆ ಇದು ಗೊತ್ತಿರುವುದಿಲ್ಲ. ಹೇಳಬಹುದಿತ್ತು. ಇಷ್ಟೆಲ್ಲ ಬಲ್ಲವರಿಗೆ ನಾನೇನು ಹೇಳುವುದು ಎಂದು ಹೇಳಲಿಲ್ಲ. ಅವರು ಹೆಬ್ಬೆರಳಿಗೆಂದು ಹಗ್ಗದಲ್ಲಿ ಅಂದಾಜಿನ ಮೇಲೆ ಒಂದು ಚಂದದ ತಗ್ಗು ಬಿಟ್ಟರು. ಅದನ್ನೂ ನೋಡಿ ಸುಮ್ಮನಿದ್ದೆ.

ಶೀಗಿ ಹುಣ್ಣಿಮೆಗೆ ಹತ್ತು ದಿನ ಇರುವಾಗ, ಎಂಜಿನ್ ಒಯ್ಯಲು ಮಗಳು ಬಂದಳು. ಮರುದಿನ ಟೆಂಪೊ ಬರುವುದಿತ್ತು. ಬಂದವಳು ನೀರನ್ನೂ ಕುಡಿಯದೆ ಶೆಡ್ಡಿಗೆ ಹೋದಳು. ನಾನು ಚಹಾ ಹಿಡಿದುಕೊಂಡು ಹಿಂದೆ ಹೋದೆ.

ಇದ್ದಲಿನ ಗೆರೆಯ ಪಕ್ಕದಲ್ಲಿ ನಿಂತಿದ್ದಳು. ಗೆರೆ ಅವಳ ಹೆಗಲಿಗೆ ಸರಿಯಾಗಿತ್ತು. ಬೀಗರು ಹ್ಯಾಂಡಲ್ ಕೊಟ್ಟರು. ಅವಳ ಬೆರಳು ಹಗ್ಗದ ಮೇಲೆ ಒಂದೊಂದಾಗಿ ಹೋಗಿ ತಮ್ಮ ತಮ್ಮ ಜಾಗದಲ್ಲಿ ಕೂತವು. ಆ ಅಂಗೈ ನೋಡಿದೆ. ಬೆರಳಿನ ಬುಡದಲ್ಲೆಲ್ಲ ದಡ್ಡು. ರೊಟ್ಟಿ ಬಡಿದ ಕೈ ಅದಲ್ಲ, ಹುಟ್ಟು ಹಾಕಿದ ಕೈ. ನನ್ನ ಮೊಣಕೈ, ನನ್ನ ಸೊಂಟ, ನನ್ನ ಹೆಗಲು ಎರಡು ತಿಂಗಳಿಂದ ಯಾರ ಅಳತೆಗೆ ನಿಂತಿದ್ದವು ಎಂದು ಆಗ ತಿಳಿಯಿತು.

ಅಷ್ಟರಲ್ಲಿ ಅವಳ ಹೆಬ್ಬೆರಳು ಆ ಚಂದದ ತಗ್ಗಿನಲ್ಲಿ ಸುತ್ತಿಕೊಂಡಿತ್ತು. ಅವಳು ಎರಡು ಸುತ್ತು ತಿರುವಿಯೂ ಬಿಟ್ಟಳು, ಬೀಗರು ವೇಗ ಬರುವ ಮೊದಲೇ ಲಿವರ್ ಇಳಿಸಿದರು.

"ಕೈ ಬಿಡ!" ಎಂದು ನಾನು ಕೂಗಿದ್ದು ಬಿಲ್ಡಿಂಗಿಗೆಲ್ಲ ಕೇಳಿತಂತೆ.

ಬೆಚ್ಚಿ ಕೈ ಸಡಿಲ ಬಿಟ್ಟಳು. ಹ್ಯಾಂಡಲ್ ಹಿಂದಕ್ಕೆ ಒದ್ದು, ಹಾರಿ ಹೋಗಿ ನೀಲಿ ಪೀಪಾಯಿಗೆ ಬಡಿಯಿತು. ಪೀಪಾಯಿ ಒಡೆದು ನೀರು ನಮ್ಮ ಕಾಲ ಕೆಳಗೆಲ್ಲ ಹರಿಯಿತು. ಮಗಳ ಹೆಬ್ಬೆರಳಿನ ಬುಡ ಕೆಂಪಗಾಗಿತ್ತು, ಅಷ್ಟೆ. ನನ್ನದು ಮುರಿದದ್ದು ಅದೇ ಜಾಗದಲ್ಲಿ.

ಬೀಗರು ನೀರಿನಲ್ಲಿ ಕುಕ್ಕರಗಾಲಲ್ಲಿ ಕುಳಿತುಬಿಟ್ಟರು. ಅಲ್ಲಿಂದಲೇ ಕೇಳಿದರು, "ಹೆಬ್ಬಟ್ಟಿಂದು ನಿಮಗ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಯಾಕ ಹೇಳಲಿಲ್ಲ?"

"ನೀವ ಕೇಳಲಿಲ್ಲ."

"ಕೇಳಿದ್ದೆ," ಅಂದರು ಬೀಗರು. "ನೀವು ಬ್ಯಾಂಕಿನ ಮಾತ ಹೇಳಿದ್ರಿ."

ಕೈಯಲ್ಲಿದ್ದ ಚಹಾ ಕಟ್ಟೆಯ ಅಂಚಿಗೆ ಇಟ್ಟೆ. ಬೇರೆ ಕಡೆಯಿಂದ ಬಂದೆ. "ಇದು ಈಕಿ ಕೈಗೆ ಅಂತ ನೀವ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀವ ತಿರುವತಿದ್ರೇನು?"

ಆಮೇಲೆ ಎಲ್ಲ ಹೇಳಿದರು. ಅವರ ಭುಜ ಬಿದ್ದಾಗಿನಿಂದ, ಎರಡು ವರ್ಷ, ಹುಟ್ಟು ಹಾಕುತ್ತಿದ್ದವಳು ಇವಳೇ ಅಂತೆ. ಪಂಚರು ಬೇಡವೆಂದದ್ದು ಬೀಗರನ್ನಲ್ಲ, ಇವಳನ್ನು. ಹೆಣ್ಣುಮಗಳು ಹುಟ್ಟು ಹಾಕಿ ಅಷ್ಟು ಅಗಲದ ಹೊಳೆ ದಾಟಿಸುವುದು ಬೇಡ ಅಂದರಂತೆ. ಎಂಜಿನ್ ಇದ್ದರೆ ತಕರಾರಿಲ್ಲ. ಪಾಳಿಗೆ ಇವಳ ಹೆಸರನ್ನೇ ಬರೆಸಿ ಬಂದಿದ್ದರು ಬೀಗರು.

"ಫೋನಿನ್ಯಾಗ ಒಂದ ಮಾತ ಹೇಳಲಿಲ್ಲಲ್ಲ ನೀ," ಎಂದು ಮಗಳ ಮೇಲೆ ಹರಿಹಾಯ್ದೆ.

"ಹೇಳಿದ್ರ ನೀ ಮೊದಲನೇ ಬಸ್ಸಿಗೆ ಬಂದು ಎಳಕೊಂಡ ಹೋಗತಿದ್ದಿ."

"ಹೋಗತಿದ್ದೆ. ಗಿರಣಿ ಯಾರಿಗೆ ಇಟ್ಟೇನಿ ಮತ್ತ?"

ಮಗಳು ಹ್ಯಾಂಡಲ್ ಎತ್ತಿ ಸೆರಗಿನಿಂದ ಒರೆಸುತ್ತಿದ್ದಳು. "ಹಿಟ್ಟಿನ ಧೂಳಿಗೆ ನನಗ ಕೆಮ್ಮ ಬರತದವ್ವ. ಸಣ್ಣಾಕಿ ಇದ್ದಾಗಿಂದ ಬರತದ. ಗಿರಣಿ ಸಪ್ಪಳದಾಗ ನಿನಗ ಕೇಳಸ್ತಿರಲಿಲ್ಲ."

ಚಹಾ ಆರಿ ಹೋಗಿತ್ತು. ಬೇರೆ ಮಾಡಿಕೊಂಡು ಬರಲು ಒಳಗೆ ಹೋದೆ.

ಮರುದಿನ ಬೆಳಿಗ್ಗೆ ಐದೂವರೆಗೆ ಎದ್ದೆ. ಅವರ ಊರಲ್ಲಿ ಹಾಲಿನ ಕ್ಯಾನಿನ ದೋಣಿ ದಿನಾ ಬೆಳಿಗ್ಗೆ ಆರಕ್ಕೆ ಬಿಡುತ್ತದೆ ಎಂದಿದ್ದಳು ಮಗಳು. ನಾವು ಇಷ್ಟು ದಿನ ತಿರುವಿದ್ದೆಲ್ಲ ಮಧ್ಯಾಹ್ನದ ಬಿಸಿಲಿನಲ್ಲಿ. ಬೆಳಗಿನ ತಣ್ಣನೆಯ ಎಂಜಿನ್ನಿನ ಹಟ ಬೇರೆ, ಅದು ಬೀಗರಿಗೆ ಗೊತ್ತಿಲ್ಲ. ನನ್ನ ಹಳೆಯ ಸೀರೆಯ ಅಂಚು ಹರಿದು ಹಿಡಿಕೆಯ ಮೇಲಿನ ಆ ತಗ್ಗಿಗೆ ಸುತ್ತಿ ಮುಚ್ಚಿದೆ. ಬಕೆಟ್ಟಿನಲ್ಲಿ ನೀರು ತುಂಬಿ ಪೈಪು ಇಳಿಬಿಟ್ಟೆ. ಮಗಳನ್ನು ಎಬ್ಬಿಸಿಕೊಂಡು ಬಂದು ನಿಲ್ಲಿಸಿ, ಅವಳ ಹೆಬ್ಬೆರಳನ್ನು ಹಿಡಿದು ನಾಲ್ಕು ಬೆರಳಿನ ಪಕ್ಕಕ್ಕೆ ತಂದಿಟ್ಟೆ. ಲಿವರ್ ನಾನೇ ಹಿಡಿದೆ.

"ತಿರುವು," ಅಂದೆ. "ಜೋರ. ಇನ್ನೂ ಜೋರ."

ಮೂರನೆಯ ಸಲಕ್ಕೆ ಎಂಜಿನ್ ಎದ್ದಿತು. ಬೀಗರು ಹೊದ್ದ ಚಾದರದಲ್ಲೇ ಬಾಗಿಲಿಗೆ ಬಂದು ನಿಂತಿದ್ದರು. ಏನೋ ಹೇಳಿದರು, ಕೇಳಿಸಲಿಲ್ಲ. ಆ ಸಪ್ಪಳದಲ್ಲಿ ಯಾರು ಏನಂದರೂ, ಕೆಮ್ಮಿದರೂ ಕೇಳಿಸುವುದಿಲ್ಲ. ಅದಕ್ಕೇ ನಾನು ಮಗಳ ಹತ್ತಿರ ಹೋಗಿ ನಿಂತೆ.